ಕಾಯಬಲ್ಲ ಕೋವಿ

ಫೆಬ್ರವರಿ ೩

ಮಾನ್ಯರೇ,

ಇಂದು ಫೆಬ್ರವರಿ ಮೂರನೆಯ ತಾರೀಖು. ಈ ಪತ್ರದ ಉದ್ದೇಶ ಒಂದೇ: ಬರುವ ಡಿಸೆಂಬರಿನ ಬೆಂಚ್‌ರೆಸ್ಟ್ ಚಾಂಪಿಯನ್‌ಶಿಪ್ ಗೆಲ್ಲಬಲ್ಲ ಏರ್ ರೈಫಲ್ ಒಂದನ್ನು ನಿಮಗಾಗಿ ಮಾಡಿಕೊಡಲು ನಿಮ್ಮ ಒಪ್ಪಿಗೆ ಕೋರುವುದು.

ನನ್ನ ಪರಿಚಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ನಾಲ್ಕು ವರ್ಷವೂ ತರಗತಿಗೆ ಮೊದಲಿಗಳು. ಜಂಬಕ್ಕಾಗಿ ಹೇಳುತ್ತಿಲ್ಲ, ನಳಿಗೆಯ ಉದ್ದ ಹೇಳುವಾಗ ಯಾರೂ ನಾಚಿಕೊಳ್ಳುವುದಿಲ್ಲವಲ್ಲ, ಹಾಗೆ ಹೇಳುತ್ತಿದ್ದೇನೆ. ಓದು ಮುಗಿದ ಕೂಡಲೇ ರೈಫಲ್ ಕಾರ್ಖಾನೆಯೊಂದು ಕೆಲಸ ಕೊಡಲು ಬಂದಿತು. ಒಂದು ವರ್ಷ ಕಾಯಿರಿ ಎಂದೆ. ಅವರು ತರಗತಿಗೆ ಎರಡನೆಯವನಾಗಿದ್ದ ನನ್ನ ಸಹಪಾಠಿಯನ್ನು ಕರೆದುಕೊಂಡರು. ನನಗೂ ಒಂದು ಕುರ್ಚಿ ಕಾದಿರಿಸಿದ್ದೇವೆ ಎಂದಿದ್ದಾರೆ. ಬೇರೆಯವರು ಬರೆದ ನಕ್ಷೆಯಲ್ಲಿ ಒಂದು ತಿರುಪನ್ನು ತಿದ್ದುತ್ತ ಕೂರುವುದು ನನ್ನಿಂದಾಗದು. ಒಂದು ಕೋವಿಯನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಿಂದಲೇ ಮಾಡಬೇಕು.

ಅಮ್ಮನಿಗೆ ಇದನ್ನು ವಿವರಿಸಲು ಒಂದಿಡೀ ಸಂಜೆ ಹಿಡಿಯಿತು.

"ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಕೋವಿ ಮಲಗಿಸಿ, ಕುರ್ಚಿ ಹಾಕ್ಕೊಂಡು ಕೂತು ಹೊಡೆಯೋದಾ? ಅದರಲ್ಲೇನೇ ಇದೆ ಆಟ?"

ದೂರದಲ್ಲೊಂದು ಕಾರ್ಡು, ಅದರಲ್ಲಿ ಇಪ್ಪತ್ತೈದು ಗುರಿಗಳು, ಒಂದೊಂದಕ್ಕೂ ಒಂದೇ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ನಡುವಿನ ಚುಕ್ಕಿ ಸಾಸಿವೆ ಕಾಳಿನಷ್ಟು, ಅದಕ್ಕೆ ತಾಗಿದರೆ ಹತ್ತು ಅಂಕ, ಇರುವ ಸಮಯ ಅರ್ಧ ಗಂಟೆ ಎಂದೆ. ಕೋವಿ ಚೀಲದ ಮೇಲೆ ಮಲಗಿರುವುದರಿಂದ ತೋಳು ಸೋತಿತೆಂಬ ನೆಪವಿಲ್ಲ. ಉಳಿಯುವುದು ಕೋವಿಯ ನಿಜ ಮತ್ತು ಗಾಳಿಯ ಸುಳ್ಳು ಎಂದೆ. ಅಮ್ಮ ಅಪ್ಪನ ಕಡೆ ತಿರುಗಿ, "ಕೇಳಿದ್ರಾ? ಚಿನ್ನದ ಪದಕ ತಗೊಂಡು ಬಂದವಳು ತೂತು ಕೊರೀತಾಳಂತೆ" ಎಂದರು.

ಅಪ್ಪ ನಗಲಿಲ್ಲ, ಕರಾರು ಹಾಕಿದರು. ಒಂದು ವರ್ಷ. ನನ್ನ ಕೋವಿ ಚಾಂಪಿಯನ್‌ಶಿಪ್‌ನಲ್ಲಿ ಮೊದಲು ಬರಬೇಕು. ಬಾರದಿದ್ದರೆ ಜನವರಿಯಲ್ಲಿ ನಾನು ಕಾರ್ಖಾನೆ ಸೇರಬೇಕು, ಮತ್ತೆ ಲೇತ್ ಯಂತ್ರದ ಮಾತೆತ್ತಬಾರದು. "ಎರಡನೇದು ಬಂದ್ರೆ ಏನು ಮಾಡೋಣ?" ಎಂದು ಅವರೇ ಕೇಳಿದರು. "ಎರಡನೇದು ನನಗೆ ಅಭ್ಯಾಸ ಇಲ್ಲಪ್ಪ" ಎಂದೆ. ಮಾತು ಕೊಟ್ಟಾಗಿದೆ.

ನಿಮ್ಮನ್ನೇ ಏಕೆ ಆರಿಸಿದೆನೆಂದರೆ, ಕಳೆದ ವರ್ಷ ನೀವು ಮೂರನೆಯವರಾದಿರಿ. ಆದದ್ದು ಮ್ಯೂಸಿಯಮ್ಮಿನಲ್ಲಿರಬೇಕಾದ ಕೋವಿಯಿಂದ. ಕೆಟ್ಟ ಕೋವಿಯಿಂದ ಮೂರನೆಯವರಾದವರು ಒಳ್ಳೆಯ ಕೋವಿಯಿಂದ ಎಷ್ಟನೆಯವರಾಗುತ್ತಾರೆಂಬುದು ಸರಳ ಗಣಿತ.

ಒಪ್ಪುವಿರಾದರೆ ಇವಿಷ್ಟನ್ನು ತಿಳಿಸಿ: ತೋಳಿನ ಉದ್ದ, ಭುಜದಿಂದ ಕೆನ್ನೆಗಿರುವ ಎತ್ತರ, ಗುರಿ ಹಿಡಿಯುವ ಕಣ್ಣು, ಟ್ರಿಗರ್ ಎಷ್ಟು ಹಗುರವಿರಬೇಕು, ಒಂದು ಗುಂಡಿಗೂ ಮತ್ತೊಂದಕ್ಕೂ ನಡುವೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ.

ಇತಿ ವಿಶ್ವಾಸಿ,
ಕೋವಿ ಮಾಡುವವಳು


ಫೆಬ್ರವರಿ ೧೯

ಎಂಜಿನಿಯರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ನನ್ನ ಹೆಂಡತಿ ಎರಡು ಸಲ ಗಟ್ಟಿಯಾಗಿ ಓದಿದಳು. ಎರಡನೆಯ ಸಲ ಓದಿದ್ದು ನನಗಾಗಿ ಅಲ್ಲ, ಅವಳ ಖುಷಿಗೆ. ಓದಿ ಮಡಿಸಿಟ್ಟು, "ಅಬ್ಬಬ್ಬಾ, ಏನು ಜಂಬ ಈ ಹುಡುಗೀದು! ಸುಮ್ನೆ ಒಪ್ಕೊಂಡ್ಬಿಡಿ" ಎಂದಳು. ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ಒಪ್ಪಿದ್ದೇನೆ.

ಒಂದು ಕೋರಿಕೆ. ಫೋನು ಮಾಡಬೇಡಿ. ರೈಲು ಎಂಜಿನ್ನು ನನ್ನ ಎರಡು ಕಿವಿಗಳನ್ನೂ ತಿಂದು ಮುಗಿಸಿದೆ. ಫೋನಿನಲ್ಲಿ ನಾನು ಹಾಂ ಹಾಂ ಎನ್ನುತ್ತೇನೆ, ಆಚೆಯವರು ನಾನು ಒಪ್ಪಿದೆನೆಂದು ತಿಳಿಯುತ್ತಾರೆ. ಹಾಗೆ ನಮ್ಮ ಮನೆಗೆ ಎರಡು ಹೊಲಿಗೆ ಯಂತ್ರ ಬಂದು ಕೂತಿವೆ. ಪತ್ರವೇ ವಾಸಿ.

ಕಳೆದ ಸಲ ಗೆದ್ದವರು ನಮ್ಮ ಕ್ಲಬ್ಬಿನವರೇ, ಹಲ್ಲಿನ ಡಾಕ್ಟರು. ಅವರ ಕೋವಿ ನಿಮ್ಮನ್ನು ಕರೆದ ಕಾರ್ಖಾನೆಯದೇ. ಗೆದ್ದು ಹಲ್ಲು ಬಿಟ್ಟು ನಗುತ್ತಾರೆ. ಒಂದು ಹಲ್ಲೂ ಡೊಂಕಿಲ್ಲ. ಅದೇ ನನಗೆ ಹೊಟ್ಟೆಯುರಿ.

ನೀವು ಕೇಳಿದ ಅಳತೆಗಳನ್ನು ನನ್ನ ಹೆಂಡತಿ ಟೇಪು ಹಿಡಿದು ತೆಗೆದಿದ್ದಾಳೆ, ಬೇರೆ ಹಾಳೆಯಲ್ಲಿವೆ. ಕಣ್ಣು ಬಲಗಣ್ಣು. ಟ್ರಿಗರ್ ಉಸಿರು ತಾಕಿದರೆ ಬೀಳುವಂತಿರಲಿ. ಗುಂಡುಗಳ ನಡುವೆ ತೆಗೆದುಕೊಳ್ಳುವ ಹೊತ್ತು: ಎಲ್ಲರಂತೆ.

ಇನ್ನೊಂದು ಮಾತು. ನಿಮ್ಮ ಒಂದು ವರ್ಷವನ್ನು ತಂದು ನನ್ನ ಕೈಗಿಡುತ್ತಿದ್ದೀರಿ. ನಾನಲ್ಲದೆ ಬೇರೆ ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡಿದ್ದೀರಾ? ಇಟ್ಟುಕೊಂಡಿದ್ದರೆ ಹೇಳಬೇಡಿ.

ಇಂತು,
ರೈಲು ಚಾಲಕ, ನಿವೃತ್ತ


ಏಪ್ರಿಲ್ ೧೧

ಮಾನ್ಯ ಚಾಲಕರೇ,

ಕೋವಿ ಸಿದ್ಧವಾಗಿದೆ. ಈ ಪತ್ರದ ಹಿಂದೆಯೇ ಪಾರ್ಸೆಲ್ಲಿನಲ್ಲಿ ಬರುತ್ತದೆ.

ನನ್ನ ಕೆಲಸದ ಕೋಣೆ ಒಂದು ಮುದ್ರಣಾಲಯದ ಹಿಂಬದಿಯಲ್ಲಿದೆ. ಮುಂದುಗಡೆ ಅಚ್ಚಿನ ಯಂತ್ರ ಓಡುವಾಗ ನೆಲ ನಡುಗುತ್ತದೆ. ಆಗ ನಾನು ಲೇತ್ ಮುಟ್ಟುವುದಿಲ್ಲ. ಅವರು ಊಟಕ್ಕೆ ಎದ್ದಾಗ ನಾನು ಕೆಲಸಕ್ಕೆ ಕೂರುತ್ತೇನೆ. ಮುದ್ರಣಾಲಯದ ಯಜಮಾನರು ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತು ದಿನವೂ ಕೇಳುತ್ತಾರೆ: "ಏನಮ್ಮಾ, ನಮ್ಮ ಊಟ ಆಯ್ತು, ನಿನ್ನ ತೂತು ಆಯ್ತಾ?"

ನಳಿಗೆಗೆಂದು ಆರು ಉಕ್ಕಿನ ಕೊಳವೆಗಳನ್ನು ತರಿಸಿದೆ. ಒಂದೊಂದರಲ್ಲೂ ಒಂದು ಪೆಲೆಟ್ಟನ್ನು ಸಲಾಕೆಯಿಂದ ಮೆಲ್ಲನೆ ನೂಕಿ, ಬೆರಳಿನಿಂದಲೇ ಓದಿದೆ. ಐದರಲ್ಲಿ ಅದು ನಡುದಾರಿಯಲ್ಲಿ ಎಲ್ಲೋ ತಡೆಯಿತು, ಎಲ್ಲೋ ಜಾರಿತು. ಒಂದರಲ್ಲಿ ಮಾತ್ರ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸರಿದು, ಬಾಯಿಯ ಹತ್ತಿರ ತುಸುವೇ ಬಿಗಿಯಿತು. ಅಲ್ಲಿ ಬಿಗಿಯಲೇಬೇಕು. ಅದನ್ನಿಟ್ಟುಕೊಂಡು ಮಿಕ್ಕವನ್ನು ಮೂಲೆಗೆ ನಿಲ್ಲಿಸಿದೆ. ಅಮ್ಮ ಅವುಗಳಲ್ಲಿ ಒಂದನ್ನು ಪರದೆ ಕಟ್ಟಲು ಒಯ್ದಿದ್ದಾರೆ.

ಈ ಕೋವಿಯ ಹೃದಯ ಅದರ ರೆಗ್ಯುಲೇಟರ್. ಸಿಲಿಂಡರಿನಲ್ಲಿ ಗಾಳಿ ಭಾರೀ ಒತ್ತಡದಲ್ಲಿರುತ್ತದೆ; ಪ್ರತಿ ಗುಂಡಿಗೂ ಅದರಿಂದ ಒಂದೇ ಸಮನಾದ ತುತ್ತನ್ನು ಅಳೆದು ಕೊಡುವುದು ಇದರ ಕೆಲಸ. ಹೊಟ್ಟೆಬಾಕನಿಗೂ ಸಂಕೋಚದವನಿಗೂ ಒಂದೇ ಸೌಟು ಬಡಿಸುವ ಗಟ್ಟಿ ಹೆಂಗಸಿನಂತೆ ಅದು ಇರಬೇಕು. ತುತ್ತು ಹೆಚ್ಚಾದರೆ ಪೆಲೆಟ್ ಮೇಲೆ ತಾಗುತ್ತದೆ, ಕಡಿಮೆಯಾದರೆ ಕೆಳಗೆ. ಅದನ್ನು ಕೊಂಡು ತರಲಿಲ್ಲ, ನಾನೇ ಮಾಡಿದೆ.

ಮಾಡಿ ಮುಗಿದ ಮೇಲೆ ಕೋವಿಯನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಗಡಿಯಾರದ ಮುಳ್ಳು ಸರಿದಂತೆ ಸಮ ಅಂತರದಲ್ಲಿ, ಒಂದರ ಹಿಂದೊಂದು ಐವತ್ತು ಗುಂಡು ಹಾರಿಸಿದೆ. ಕಾರ್ಡಿನಲ್ಲಾದದ್ದು ಒಂದೇ ತೂತು. ಆ ಕಾರ್ಡನ್ನು ಇದರೊಂದಿಗೆ ಇಟ್ಟಿದ್ದೇನೆ. ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಳ್ಳಲು ಯೋಗ್ಯವಾಗಿದೆ.

ನೀವು ಎಕ್ಸ್‌ಪ್ರೆಸ್ ಗಾಡಿಗಳನ್ನು ಓಡಿಸಿದವರು, ವೇಗಕ್ಕೆ ಒಗ್ಗಿದ ಕೈ. ಆದುದರಿಂದ ಗುಂಡು ತುಂಬಲು ಎಳೆಯುವ ಬೋಲ್ಟನ್ನು ತೀರ ಹಗುರಾಗಿ, ಬೆರಳ ತುದಿಯಲ್ಲೇ ಹಿಂದೆ ಮುಂದೆ ಓಡುವಂತೆ ಮಾಡಿದ್ದೇನೆ.

ಇತಿ,
ಕೋವಿ ಮಾಡುವವಳು


ಮೇ ೬

ಎಂಜಿನಿಯರಮ್ಮನವರಿಗೆ,

ಕೋವಿ ಬಂತು. ಪೆಟ್ಟಿಗೆ ಬಿಚ್ಚಿದಾಗ ನನ್ನ ಹೆಂಡತಿ, "ನಮ್ಮ ಮದುವೇಲೂ ನಿಮ್ಮ ಮುಖ ಹೀಗೆ ಅರಳಿರಲಿಲ್ಲ" ಎಂದಳು. ನಾನು ಸುಳ್ಳಾಡದೆ ಕೋವಿಯನ್ನು ಇನ್ನೊಮ್ಮೆ ಒರೆಸಿದೆ.

ಬಂಗಾರದಂಥ ಕೋವಿ. ಬೋಲ್ಟಂತೂ ನೀರಿನಂತಿದೆ. ಅಭ್ಯಾಸ ನಡೆದಿದೆ. ಇಲ್ಲಿ ಎಲ್ಲ ಕ್ಷೇಮ. ಹವೆ ಚೆನ್ನಾಗಿದೆ.

ಇಂತು,
ಚಾಲಕ


ಮೇ ೨೦

ಮಾನ್ಯ ಚಾಲಕರೇ,

ಹವೆಯ ವಿಚಾರ ತಿಳಿದು ಸಂತೋಷವಾಯಿತು. ಕಾರ್ಡುಗಳನ್ನು ಕಳಿಸಿ.

ಇತಿ,
ಕೋವಿ ಮಾಡುವವಳು


ಜುಲೈ ೨

ಎಂಜಿನಿಯರಮ್ಮನವರಿಗೆ,

ಕಳಿಸಬಾರದೆಂದಿದ್ದೆ. ನನ್ನ ಹೆಂಡತಿ ಬಯ್ದು ಕಳಿಸುವಂತೆ ಮಾಡಿದಳು. ಎಂಟು ಕಾರ್ಡುಗಳಿವೆ. ಚೆನ್ನಾಗಿರುವ ಗುಂಡುಗಳನ್ನು ಮೊದಲು ನೋಡಿ.

ಇಂತು,
ಚಾಲಕ


ಜುಲೈ ೧೦

ಮಾನ್ಯರೇ,

ನೋಡಿದೆ. ಪ್ರತಿ ಕಾರ್ಡಿನಲ್ಲೂ ಇಪ್ಪತ್ತರಷ್ಟು ಗುಂಡುಗಳು ಚುಕ್ಕಿಯನ್ನೇ ಕಿತ್ತು ತೆಗೆದಿವೆ. ಉಳಿದ ನಾಲ್ಕೈದು ಚುಕ್ಕಿಯ ನೆಟ್ಟ ಮೇಲಕ್ಕೆ ಹೋಗಿವೆ, ಯಾರೋ ಏಣಿ ಹಾಕಿ ಹತ್ತಿಸಿದಂತೆ.

ಗಾಳಿ ಪೆಲೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಹೀಗೆ ನೆಟ್ಟಗೆ ಎತ್ತುವುದಿಲ್ಲ. ಆದುದರಿಂದ ತಪ್ಪು ಗಾಳಿಯದಲ್ಲ. ಕೋವಿಯದಂತೂ ಅಲ್ಲವೇ ಅಲ್ಲ. ಐವತ್ತು ಗುಂಡಿನ ಒಂದು ತೂತು ನಿಮ್ಮ ಬಳಿಯೇ ಇದೆ. ಉಳಿದದ್ದು ಕೋವಿಯ ಬುಡದ ಕೆಳಗಿನ ಚೀಲವನ್ನು ಹಿಂಡಿ ಹಿಡಿಯುವ ನಿಮ್ಮ ಎಡಗೈ. ಅದು ಸಡಿಲವಾದಾಗ ಬುಡ ಇಳಿಯುತ್ತದೆ, ಮೂತಿ ಏಳುತ್ತದೆ. ವಯಸ್ಸಾದ ಕೈಗಳಲ್ಲಿ ಇದು ಸಹಜವೆಂದು ಪುಸ್ತಕಗಳು ಹೇಳುತ್ತವೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀವು ಹಾಗೆ ಅಂದಿಲ್ಲ. ಆ ಮಟ್ಟಿಗೆ ಕೃತಜ್ಞಳು. ಮುಂದಿನ ತಿಂಗಳ ಕ್ಲಬ್ ಪಂದ್ಯದಲ್ಲಿ ನಾನು ಪರೀಕ್ಷಿಸಿದಂತೆಯೇ ಸಮ ಅಂತರದಲ್ಲಿ, ತಡಮಾಡದೆ ಹೊಡೆಯಿರಿ. ಚೀಲದ ಮೇಲಿನ ಹಿಡಿತ ಬಿಡಬೇಡಿ.

ಇತಿ,
ಕೋವಿ ಮಾಡುವವಳು


ಆಗಸ್ಟ್ ೩೦

ಮಾನ್ಯರೇ,

ಕ್ಲಬ್ ಪಂದ್ಯದ ಫಲಿತಾಂಶ ಓದಿದೆ. ಹಲ್ಲಿನ ಡಾಕ್ಟರು ಮೊದಲು. ನೀವು ಒಂಬತ್ತನೆಯವರು. ನಿಮ್ಮಿಂದ ಒಂದು ಸಾಲೂ ಬಂದಿಲ್ಲ. ಅಪ್ಪ ಪತ್ರಿಕೆಯ ಆ ಪುಟವನ್ನು ನನ್ನ ತಟ್ಟೆಯ ಪಕ್ಕದಲ್ಲಿ ಮಡಿಸಿಟ್ಟಿದ್ದರು. ಉತ್ತರ ಬೇಕು.

ಕೋವಿ ಮಾಡುವವಳು


ಸೆಪ್ಟೆಂಬರ್ ೧೨

ಅಮ್ಮಾ ಎಂಜಿನಿಯರಮ್ಮ,

ನನ್ನ ಎಡಗೈ ವಿಚಾರ ಮೊದಲು ಮುಗಿಸೋಣ. ಕಲ್ಲಿದ್ದಲು ತುಂಬಿದ ಐವತ್ತು ವ್ಯಾಗನ್ನುಗಳನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿದ ಕೈ ಅದು. ಸಡಿಲವಾಗಿಲ್ಲ. ನಿಮ್ಮ ಪತ್ರದ ಆ ಎಡಗೈ ಸಾಲನ್ನು ಹೆಂಡತಿ ಗಟ್ಟಿಯಾಗಿ ಓದದೆ ಪತ್ರವನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟಳು.

ಹೌದು, ವ್ಯಾಗನ್ನುಗಳು. ನಾನು ಎಕ್ಸ್‌ಪ್ರೆಸ್ ಓಡಿಸಿದವನಲ್ಲ. ಇಡೀ ನೌಕರಿ ಗೂಡ್ಸ್ ಗಾಡಿಯಲ್ಲೇ ಕಳೆದೆ. ಎಕ್ಸ್‌ಪ್ರೆಸ್ ಎಂದು ನೀವೇ ಬರೆದುಕೊಂಡಿರಿ, ನಾನು ತಿದ್ದಲಿಲ್ಲ. ಕ್ಲಬ್ಬಿನಲ್ಲಿ ನನ್ನ ಅಡ್ಡಹೆಸರೂ ಅದೇ, ಗೂಡ್ಸು. ಯಾಕೆಂದರೆ ನಾನು ಕಾಯುತ್ತೇನೆ. ಬೆಂಚಿನಿಂದ ಕಾರ್ಡಿನವರೆಗೆ ಪುಟ್ಟ ಪುಟ್ಟ ಗಾಳಿ ಬಾವುಟ ನೆಟ್ಟಿರುತ್ತಾರಲ್ಲ, ಅವೆಲ್ಲ ನನಗೆ ಬೇಕಾದ ಹಾಗೆ ಬೀಳುವ ತನಕ ಗುಂಡು ತುಂಬಿಕೊಂಡು ಕೂತೇ ಇರುತ್ತೇನೆ. ಸಿಗ್ನಲ್ ಬೀಳದೆ ಗಾಡಿ ಬಿಟ್ಟು ನನಗೆ ಗೊತ್ತಿಲ್ಲ. ಬಿದ್ದರೆ ಐದಾರು ಗುಂಡು ಒಂದೇ ಉಸಿರಿಗೆ. ಬಾವುಟ ತಿರುಗಿದರೆ ಮತ್ತೆ ಕೈಕಟ್ಟಿ ಕೂರುವುದು.

ಪಕ್ಕದ ಬೆಂಚಿನಿಂದ ಹಲ್ಲಿನ ಡಾಕ್ಟರು ಕೇಳುತ್ತಾರೆ: "ಏನ್ ಸಾರ್, ಗುಂಡು ಹೊಡೀತೀರೋ, ಮೊಟ್ಟೆಗೆ ಕಾವು ಕೊಡ್ತಿದೀರೋ?" ಅವರು ಪಿಸುಗುಟ್ಟುವುದು ನನ್ನ ಕಿವಿಗೂ ಬೀಳುತ್ತದೆಂದರೆ ಎಷ್ಟು ಗಟ್ಟಿಯಾಗಿ ಪಿಸುಗುಟ್ಟಬಹುದು, ಯೋಚಿಸಿ.

ನೀವು ಮೊದಲ ಪತ್ರದಲ್ಲೇ ಇದನ್ನು ಕೇಳಿದ್ದಿರಿ. ನಿಜ ಹೇಳಿದರೆ ಬೇರೆ ಯಾರನ್ನಾದರೂ ಆರಿಸುತ್ತೀರೆಂದು ಹೆದರಿ ಎಲ್ಲರಂತೆ ಎಂದು ಬರೆದೆ. ಅಷ್ಟೇ ನನ್ನ ಕಳ್ಳತನ.

ಕ್ಲಬ್ ಪಂದ್ಯದ ದಿನ ನಿಮ್ಮ ಮಾತಿನಂತೆ ಗಡಿಯಾರದ ಹಾಗೆ ಹೊಡೆದೆ. ಒಂದು ಗುಂಡೂ ಮೇಲೆ ಹೋಗಲಿಲ್ಲ. ಬದಲಿಗೆ ಗಾಳಿ ಬಂದ ಬಂದ ಕಡೆಗೆಲ್ಲ ಹೋದವು. ಡಾಕ್ಟರು, "ಇವತ್ತೇನು, ಗೂಡ್ಸು ಹಳಿ ಬಿಟ್ಟು ಓಡ್ತಿದೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡುವುದು.

ಕೋವಿಯನ್ನು ಪಾರ್ಸೆಲ್ ಮಾಡಿದ್ದೇನೆ. ಇನ್ನೂ ಸಮಯವಿದೆ. ಬೇಗ ಹೊಡೆಯುವ ಯಾರಿಗಾದರೂ ಕೊಡಿ. ನಿಮ್ಮ ವರ್ಷ ನನ್ನಿಂದ ಹಾಳಾಗುವುದು ಬೇಡ.

ಇಂತು,
ಗೂಡ್ಸ್ ಗಾಡಿ ಚಾಲಕ, ನಿವೃತ್ತ


ಅಕ್ಟೋಬರ್ ೮

ಮಾನ್ಯ ಗೂಡ್ಸ್ ಚಾಲಕರೇ,

ತಪ್ಪು ನನ್ನದು. ಈ ಎರಡು ಶಬ್ದ ಬರೆಯುವ ಮುನ್ನ ಮೂರು ಹಾಳೆ ಹರಿದಿದ್ದೇನೆ. ರೂಢಿಯಿಲ್ಲದ ಕೆಲಸ.

ನಿಮ್ಮ ಪತ್ರದ ಒಂದು ಸಾಲಿನಲ್ಲಿ ನಾನು ನಿಂತುಬಿಟ್ಟೆ: ತಡಮಾಡದೆ ಹೊಡೆದ ದಿನ ಒಂದು ಗುಂಡೂ ಮೇಲೆ ಹೋಗಲಿಲ್ಲ. ಕೈಯ ದೋಷವಾಗಿದ್ದರೆ ಅವಸರದಲ್ಲಿ ಅದು ಹೆಚ್ಚಬೇಕಿತ್ತು. ಕಡಿಮೆಯಾಗಿದೆಯೆಂದರೆ, ನೀವು ಕಾಯುವಾಗ ನಿಮ್ಮ ಜೊತೆ ಕಾಯಲಾರದೆ ಚಡಪಡಿಸುತ್ತಿದ್ದದ್ದು ಬೇರೆ ಯಾವುದೋ.

ಕೋವಿ ಕೈಸೇರಿದ ದಿನವೇ ಅದನ್ನು ಹಿಡಿಕೆಯಲ್ಲಿ ಬಿಗಿದು ಒಂದು ಗುಂಡು ಹಾರಿಸಿದೆ. ಚುಕ್ಕಿಗೆ ಬಿತ್ತು. ಮತ್ತೊಂದನ್ನು ತುಂಬಿ, ಹಾಗೆಯೇ ಬಿಟ್ಟು, ಮನೆಗೆ ಹೋಗಿ ಊಟ ಮಾಡಿದೆ. ಅಮ್ಮ ಗಾಬರಿಯಾದರು. "ಏನೇ ಇದು, ಕರೆಯೋಕ್ ಮುಂಚೇನೇ ಊಟಕ್ಕೆ ಬಂದ್ಬಿಟ್ಟೆ! ಮೈ ಹುಷಾರಾಗಿದೆಯಾ?" ಊಟ ಮುಗಿಸಿ ಬಂದು ಟ್ರಿಗರ್ ಮುಟ್ಟಿದೆ. ಗುಂಡು ನೆಟ್ಟಗೆ ಮೇಲೆ. ನಿಮ್ಮ ಕಾರ್ಡುಗಳಲ್ಲಿದ್ದ ಅದೇ ಏಣಿ. ಆಗ ನಾನು ಜೋರಾಗಿ ನಕ್ಕೆನೆಂದು ಮುದ್ರಣಾಲಯದ ಯಜಮಾನರು ಈಗಲೂ ಎಲ್ಲರಿಗೂ ಹೇಳುತ್ತಿದ್ದಾರೆ.

ರೆಗ್ಯುಲೇಟರ್ ಗಾಳಿಯ ತುತ್ತನ್ನು ಅಳೆದಾದ ಮೇಲೆ ಬಾಗಿಲು ಮುಚ್ಚಬೇಕು. ನಾನು ಮಾಡಿದ ಬಾಗಿಲು ಮುಚ್ಚಿದಂತೆ ಕಾಣುತ್ತಿತ್ತು, ಪೂರ್ತಿ ಮುಚ್ಚಿರಲಿಲ್ಲ. ಕಣ್ಣಿಗೆ ಕಾಣದ ಒಂದು ಗೀರಿನಿಂದ ಗಾಳಿ ಜಿನುಗಿ ತುತ್ತು ಮೆಲ್ಲಮೆಲ್ಲನೆ ದೊಡ್ಡದಾಗುತ್ತಿತ್ತು. ಸರಸರನೆ ಹೊಡೆಯುವವರಿಗೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಜಿನುಗಲು ಬಿಡುವೇ ಇರುವುದಿಲ್ಲ. ಕಾದು ಹೊಡೆಯುವವರ ಮೊದಲ ಗುಂಡು ಮಾತ್ರ ಮೇಲಕ್ಕೆ ಹಾರುತ್ತದೆ. ನಾನು ಗಡಿಯಾರದಂತೆ ಪರೀಕ್ಷಿಸಿದೆ. ಹಾಗೆ ಪರೀಕ್ಷಿಸಿದ್ದರಿಂದಲೇ ಅದು ನನ್ನಿಂದ ತಪ್ಪಿಸಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕಾಯಿಲೆ ರೆಗ್ಯುಲೇಟರಿನದು, ಬರೆ ನಿಮ್ಮ ಎಡಗೈಗೆ ಎಳೆದೆ. ನಿಮ್ಮ ಮನೆಯವರಿಗೆ ಈ ಸಾಲನ್ನು ಗಟ್ಟಿಯಾಗಿ ಓದಲು ಹೇಳಿ.

ಬಾಗಿಲನ್ನು ಕಿತ್ತೆಸೆದು ಹೊಸದನ್ನು ಮಾಡಿದ್ದೇನೆ. ಅದರ ಅಂಚನ್ನು ಕನ್ನಡಿಯಾಗುವವರೆಗೆ ಉಜ್ಜಿದ್ದೇನೆ. ಈಗ ಗುಂಡು ತುಂಬಿಟ್ಟರೆ ಮುಂದುಗಡೆ ಒಂದು ಶಾಲೆಯ ಪ್ರಶ್ನೆಪತ್ರಿಕೆಗಳೆಲ್ಲ ಅಚ್ಚಾಗಿ ಕಟ್ಟಾಗುವವರೆಗೂ ಒತ್ತಡದ ಮುಳ್ಳು ಕದಲುವುದಿಲ್ಲ.

ಬೇಗ ಹೊಡೆಯುವವರಿಗೆ ಕೊಡಿ ಎಂದಿರಿ. ಕೊಡುವುದಿಲ್ಲ. ಅಂಥವರಿಗೆ ಎಲ್ಲ ಕೋವಿಗಳೂ ಇವೆ. ನೀವು ಕಾಯಿರಿ. ಎಷ್ಟು ಬೇಕಾದರೂ ಕಾಯಿರಿ. ಇದು ನಿಮ್ಮ ಜೊತೆ ಕಾಯುತ್ತದೆ.

ಇತಿ,
ಕೋವಿ ಮಾಡುವವಳು


ಅಕ್ಟೋಬರ್ ೨೭

ಎಂಜಿನಿಯರಮ್ಮ,

ಆ ಸಾಲನ್ನು ಹೆಂಡತಿ ಓದಿದಳು, ಬೀದಿಗೆಲ್ಲ ಕೇಳುವಂತೆ. "ಜಂಬ ಇದ್ರೂ ನ್ಯಾಯ ಇದೆ" ಎಂದಳು.

ಕೋವಿಗೆ ಗುಂಡು ತುಂಬಿ, ಪಕ್ಕದವರ ಹತ್ತಿರ ಅವರ ಸೊಸೆಯ ಮೇಲಿನ ದೂರುಗಳನ್ನೆಲ್ಲ ಕೇಳಿ ಮುಗಿಸಿ, ಆಮೇಲೆ ಹೊಡೆದೆ. ಚುಕ್ಕಿ ಹಾರಿಹೋಯಿತು. ಅವರ ದೂರುಗಳು ಎಷ್ಟಿರುತ್ತವೆಂದು ನಿಮಗೆ ಗೊತ್ತಿಲ್ಲ. ಈ ಕೋವಿಯ ತಾಳ್ಮೆ ನನಗಿಂತ ಹೆಚ್ಚು.

ಇಂತು,
ಗೂಡ್ಸು


ಡಿಸೆಂಬರ್ ೧೫

ಮಗಳೇ,

ಇನ್ನು ಎಂಜಿನಿಯರಮ್ಮ ಗಿಂಜಿನಿಯರಮ್ಮ ಇಲ್ಲ. ಮಗಳೇ ಎನ್ನುತ್ತೇನೆ, ಬಯ್ಯುವುದಿದ್ದರೆ ಆಮೇಲೆ ಬಯ್ಯಿ.

ಗೆದ್ದೆವು. ಇನ್ನೂರೈವತ್ತಕ್ಕೆ ಇನ್ನೂರೈವತ್ತು!

ಸಾವಕಾಶವಾಗಿ ಹೇಳುತ್ತೇನೆ, ನನಗೆ ಬರುವುದು ಅದೊಂದೇ. ಆ ದಿನ ಬೆಳಗಿನಿಂದಲೇ ಗಾಳಿಗೆ ಹುಚ್ಚು ಹಿಡಿದಿತ್ತು. ಹತ್ತಿರದ ಬಾವುಟ ಎಡಕ್ಕೆ, ನಡುವಿನದು ಬಲಕ್ಕೆ, ದೂರದ್ದು ಮೈಮೇಲೆ ಬಂದವರ ಹಾಗೆ ಗಿರಗಿರ. ಡಾಕ್ಟರು ಎಲ್ಲರಿಗಿಂತ ಮೊದಲು ಮುಗಿಸಿ, ಕೈ ಒರೆಸಿಕೊಂಡು, ಎದ್ದು ನಿಂತರು. ಇನ್ನೂರನಲವತ್ತೆಂಟು. ಆ ಗಾಳಿಯಲ್ಲಿ ಅದು ದೊಡ್ಡ ಮಾತು, ಸುಳ್ಳು ಹೇಳಬಾರದು. ನನ್ನ ಕಾರ್ಡಿನಲ್ಲಿ ಇನ್ನೂ ಏಳು ಗುರಿ ಉಳಿದಿದ್ದವು.

ಒಂದೊಂದೇ ಬೆಂಚು ಖಾಲಿಯಾಯಿತು. ಎಲ್ಲರೂ ನನ್ನ ಹಿಂದೆ ಬಂದು ನಿಂತರು. ಎಷ್ಟು ಕಣ್ಣು ಚುಚ್ಚುತ್ತಿವೆಯೆಂದು ನನ್ನ ಬೆನ್ನಿಗೇ ಗೊತ್ತಾಗುತ್ತಿತ್ತು. ಡಾಕ್ಟರು ಎಂದಿನಂತೆ ಪಿಸುಗುಟ್ಟಿದರು: "ಸಾರ್, ಗೂಡ್ಸು ಹೊರಡುತ್ತಾ, ಇಲ್ಲ ಪ್ರಯಾಣಿಕರೆಲ್ಲ ಇಳಿದು ನಡ್ಕೊಂಡು ಹೋಗೋದಾ?"

"ಗೂಡ್ಸಲ್ಲಿ ಪ್ರಯಾಣಿಕರು ಇರಲ್ಲ ಡಾಕ್ಟ್ರೇ" ಎಂದಳು ನನ್ನ ಹೆಂಡತಿ, ಅಷ್ಟು ಜನರ ನಡುವಿನಿಂದ. "ಬರೀ ಭಾರ ಇರುತ್ತೆ. ಅದನ್ನ ಎಳೆಯೋಕೆ ಗೊತ್ತಿರಬೇಕು."

ರೆಫ್ರಿ ಅವಳಿಗೆ ಸುಮ್ಮನಿರಲು ಹೇಳಿ, ಇನ್ನು ಎರಡೇ ನಿಮಿಷ ಎಂದು ನನಗೆ ತಿಳಿಯಲೆಂದು ಎರಡು ಬೆರಳು ತೋರಿಸಿದರು. ಗುಂಡು ತುಂಬಿ ಅದೆಷ್ಟು ಹೊತ್ತಾಗಿತ್ತೋ. ಹಳೆಯ ರೆಗ್ಯುಲೇಟರ್ ಆಗಿದ್ದರೆ ಆ ಗುಂಡು ಆಕಾಶಕ್ಕೆ ಹೋಗುತ್ತಿತ್ತು. ನಾನು ನಿನ್ನನ್ನು ನಂಬಿ ಕೂತೆ. ನನ್ನ ಕಣ್ಣು ದೂರದ ಬಾವುಟದ ಮೇಲೆಯೇ. ಮಗಳೇ, ಅದು ಒಮ್ಮೆಲೇ ಸುಸ್ತಾದ ಮಗುವಿನ ಹಾಗೆ ಕೆಳಗೆ ಜೋತುಬಿತ್ತು. ನಡುವಿನದು ಬಿತ್ತು. ಹತ್ತಿರದ್ದು ಬಿತ್ತು. ಸಿಗ್ನಲ್!

ಮೊದಲ ಗುಂಡು ಚುಕ್ಕಿಗೇ. ಅದೇ ನೋಡು ಗೆಲುವು, ಉಳಿದದ್ದೆಲ್ಲ ಲೆಕ್ಕ. ಎಕ್ಸ್‌ಪ್ರೆಸ್ಸಿನವನಿಗೆಂದು ನೀನು ಮಾಡಿದ ಬೋಲ್ಟು ಆಗ ನನ್ನ ಬೆರಳಿನಲ್ಲಿ ಕುಣಿಯಿತು. ತುಂಬು, ಹೊಡಿ, ತುಂಬು, ಹೊಡಿ. ಏಳನೆಯ ಗುಂಡು ಹೋದ ಮೇಲೆ ಗಂಟೆ ಬಾರಿಸಿದರಂತೆ. ನನಗೆ ಕೇಳಿಸಲಿಲ್ಲ. ಜನ ಚಪ್ಪಾಳೆ ಹೊಡೆದದ್ದು ಕೇಳಿಸಿತು. ನನ್ನ ಕಿವಿಗೆ ಕೇಳಿಸಿತು!

ಡಾಕ್ಟರು ಕಾರ್ಡನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಂದು ನನ್ನ ಎಡಗೈಯನ್ನು ಎರಡು ಕೈಯಲ್ಲಿ ಹಿಡಿದು, "ಸಾರ್, ಇನ್ಮೇಲೆ ನಾನೂ ಗೂಡ್ಸೇ" ಎಂದರು. ಒಳ್ಳೆಯ ಮನುಷ್ಯ.

ಈಗ ಮುಖ್ಯ ವಿಷಯ. ಆ ಕಾರ್ಖಾನೆಯ ದೊಡ್ಡ ಅಧಿಕಾರಿ ಅಲ್ಲಿಗೆ ಬಂದಿದ್ದರು, ಜೊತೆಗೆ ನಿನ್ನ ಸಹಪಾಠಿ, ಆ ಎರಡನೆಯವನು. ಅವನು ಕೋವಿಯ ಸುತ್ತ ಎರಡು ಸುತ್ತು ಬಂದು, "ಇದು ಅವಳು ಮಾಡಿದ್ದಾ?" ಎಂದ. ಹೌದೆಂದೆ. "ಗೊತ್ತಿತ್ತು ಬಿಡಿ ಸಾರ್. ಕಾಲೇಜಲ್ಲಿ ನಾಲ್ಕು ವರ್ಷ ಅವಳ ಹಿಂದಿನ ಬೆಂಚಲ್ಲಿ ಕೂತಿದ್ದೆ. ಬೋರ್ಡೇ ಕಾಣ್ತಿರಲಿಲ್ಲ, ಅವಳ ಎತ್ತಿದ ಕೈ ಕಾಣ್ತಿತ್ತು" ಎಂದು ನಕ್ಕ. ಹುಡುಗ ಕೆಟ್ಟವನಲ್ಲ. ಅಧಿಕಾರಿ ಕೋವಿಯನ್ನು ಬಿಚ್ಚಿ ನೋಡಬಹುದೇ ಎಂದರು. ನಾನು ಅದರ ಮೇಲೆ ಟವೆಲ್ ಹಾಸಿ, ಟವೆಲ್ ಮೇಲೆ ಕೈಯಿಟ್ಟು ಕೂತೆ.

ಆಗ ಅವರು ಹೇಳಿದ್ದು: ನೀನು ಕಾರ್ಖಾನೆಗೆ ಹೋದರೆ ಹಳೆಯ ಆ ಕುರ್ಚಿ ಅಲ್ಲ, ವಿನ್ಯಾಸ ವಿಭಾಗವೇ ನಿನ್ನದು. ನಿನ್ನ ಕೈಕೆಳಗೆ ಜನ, ನಡುಗದ ನೆಲ, ಹೊಸ ಯಂತ್ರಗಳು. ಪ್ರತಿ ನಳಿಗೆಯ ಮೇಲೆ ನಿನ್ನ ಗುರುತು ಕೊರೆಸುತ್ತಾರಂತೆ. ಅವರು ಬರೆದರೆ ನೀನು ಉತ್ತರಿಸುವುದಿಲ್ಲವಂತೆ. ಅದಕ್ಕೆ ನನ್ನ ಮೂಲಕ ಕೇಳಿಸುತ್ತಿದ್ದಾರೆ. ಅಪ್ಪನ ಕರಾರು ಗೆದ್ದಾಯಿತು, ಯಾರೂ ನಿನ್ನನ್ನು ಬಲವಂತ ಮಾಡುವಂತಿಲ್ಲ. ಆದರೂ ಯೋಚಿಸು, ಮಗಳೇ. ನಾನಾಗಿದ್ದರೆ ಒಪ್ಪುತ್ತಿದ್ದೆ. ನನ್ನ ಹೆಂಡತಿ ಮಾತ್ರ, "ಅವಳಿಗೆ ನೀವು ಹೇಳ್ಕೊಡ್ತೀರಾ?" ಎಂದು ನಗುತ್ತಿದ್ದಾಳೆ.

ಇಂತು ನಿನ್ನ,
ಗೂಡ್ಸು


ಡಿಸೆಂಬರ್ ೨೨

ಪ್ರೀತಿಯ ಚಾಲಕರೇ,

ಮಗಳೇ ಎಂದದ್ದಕ್ಕೆ ಬಯ್ಯುವುದಿಲ್ಲ. ನಿಮ್ಮ ಪತ್ರ ಬಂದಾಗ ಅಪ್ಪನೇ ಬಾಗಿಲಲ್ಲಿದ್ದರು. ಮೇಲಿನ ಬರಹ ಗುರುತಿಸಿ, ಒಡೆಯದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಮುದ್ರಣಾಲಯದವರೆಗೆ ನಡೆದು ಬಂದರು. ನಾನು ಓದುತ್ತಿದ್ದಂತೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟನೇದು?" ಎಂದರು. ಕಾಗದವನ್ನು ಕೊಟ್ಟೆ. ನಿಂತುಕೊಂಡೇ ಕೊನೆಯವರೆಗೆ ಓದಿ, ಮಡಿಸಿ, ಲೇತ್ ಮೇಲೆ ಒಮ್ಮೆ ಕೈಯಾಡಿಸಿದರು. "ಈ ಕೋಣೆಗೆ ಇನ್ನೊಂದು ದೀಪ ಬೇಕಲ್ವೇನೇ?" ಎಂದರು. ಅವರಿಂದ ಇದಕ್ಕಿಂತ ದೊಡ್ಡ ಪದಕ ನನಗೆ ಈವರೆಗೆ ಸಿಕ್ಕಿಲ್ಲ.

ಅಮ್ಮ ಬೀದಿಯವರಿಗೆಲ್ಲ, "ನಾನು ಮೊದಲಿಂದಾನೂ ಹೇಳ್ತಿದ್ದೆ" ಎನ್ನುತ್ತಿದ್ದಾರೆ. ಏನು ಹೇಳುತ್ತಿದ್ದರೆಂದು ಯಾರೂ ಕೇಳುತ್ತಿಲ್ಲ, ನಾನೂ ಕೇಳುವುದಿಲ್ಲ. ಮುದ್ರಣಾಲಯದ ಯಜಮಾನರು ಯಂತ್ರ ನಿಲ್ಲಿಸಿ, ಅರ್ಧ ದಿನ ನೆಲವನ್ನು ನನಗೇ ಬಿಟ್ಟುಕೊಟ್ಟರು. ಅದು ಅವರ ಮಟ್ಟಿಗೆ ಬ್ಯಾಂಡು ಬಾರಿಸಿದಂತೆ.

ಹಲ್ಲಿನ ಡಾಕ್ಟರ ಪತ್ರವೂ ಬಂದಿದೆ. ಕೋವಿ ಬೇಕಂತೆ. ಒಂದು ಗುಂಡಿಗೂ ಮತ್ತೊಂದಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳಿ ಬರೆದಿದ್ದೇನೆ. ಎಲ್ಲರಂತೆ ಎಂಬ ಉತ್ತರವನ್ನು ಇನ್ನು ಮುಂದೆ ಸ್ವೀಕರಿಸುವುದಿಲ್ಲವೆಂದೂ ತಿಳಿಸಿದ್ದೇನೆ. ಅವರಿಗಿಂತ ಮೊದಲು ಎಡಗೈಯಲ್ಲಿ ಗುಂಡು ಹೊಡೆಯುವ ಮಹಿಳೆಯೊಬ್ಬರ ಸರದಿಯಿದೆ. ನಾಳೆ ಮುದ್ರಣಾಲಯದವರು ಊಟಕ್ಕೆ ಎದ್ದ ಕೂಡಲೇ ಅವರ ನಳಿಗೆಯನ್ನು ಲೇತಿಗೆ ಏರಿಸುತ್ತೇನೆ.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಗೂಡ್ಸಿನಲ್ಲಿ ಬರೀ ಭಾರವಿರುತ್ತದೆಂಬ ಅವರ ಮಾತನ್ನು ಅಮ್ಮ ಎರಡು ಸಲ ಓದಿಸಿಕೊಂಡರು. ಟವೆಲನ್ನು ಕೋವಿಯ ಮೇಲಿನಿಂದ ಯಾರಿಗಾಗಿಯೂ ತೆಗೆಯಬೇಡಿ.

ಇತಿ ನಿಮ್ಮ ಮಗಳು,
ಕೋವಿ ಮಾಡುವವಳು

ತಾ.ಕ.: ಕಾರ್ಖಾನೆಯವರಿಗೆ ತಿಳಿಸಿ. ನಾನು ಬರುವುದಿಲ್ಲ.